ಸಂಜೆಯ ಸಂಬಂಧಿಕರು

ಎದುರಿನ ಕಟ್ಟಡ ಇನ್ನೊಂದು ಅಂತಸ್ತು ಎದ್ದರೆ ಅಕ್ಕನ ಅಡುಗೆಮನೆಯ ಕಿಟಕಿ ಮರೆಯಾಗುತ್ತದೆ. ಚಿಕ್ಕವಳ ಚಿಂತೆ ಇಷ್ಟೇ. ಇಷ್ಟು ಸಣ್ಣ ಚಿಂತೆಯನ್ನು ಯಾರ ಮುಂದೆ ಇಟ್ಟರೂ ನಕ್ಕುಬಿಡುತ್ತಾರೆಂದು ಗೊತ್ತಿದ್ದರಿಂದ ಅದನ್ನು ಡೈರಿಯ ಮುಂದೆ ಇಟ್ಟಳು. 'ಸಿಮೆಂಟಿನ ಲಾರಿ ದಾರಿ ತಪ್ಪಲಿ' ಎಂದು ಬರೆದಳು. ಬರೆದ ಮೇಲೆ ಕಿವಿ ಬಿಸಿಯಾಯಿತು. ಆ ಕಟ್ಟಡ ಕಟ್ಟುತ್ತಿದ್ದದ್ದು ಅವಳಿಗೆ ಸಂಬಳ ಕೊಡುವ ಕಂಪನಿಯೇ. ಅನ್ನ ಹಾಕುವವರ ಕೈ ಸೋಮಾರಿಯಾಗಲಿ ಎಂದು ಬೇಡಿಕೊಂಡ ಹಾಗಾಯಿತಲ್ಲ ಎಂದು ಆ ಸಾಲಿನ ಮೇಲೆ ಗೀಟು ಎಳೆದಳು. ಗೀಟು ತೆಳ್ಳಗಿತ್ತು. ಕೆಳಗಿನ ಅಕ್ಷರ ಚೆನ್ನಾಗಿಯೇ ಓದಲು ಬರುತ್ತಿತ್ತು.

ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದರೂ ಮನೆಯಲ್ಲಿ ಅವಳು ಇನ್ನೂ ಚಿಕ್ಕವಳೇ. ಅಕ್ಕನಿಗೆ ಮಾತ್ರ 'ಮುಚ್ಚಳ'. ಬಾಯಿಗೆ ಸದಾ ಮುಚ್ಚಳ ಹಾಕಿಕೊಂಡಿರುವವಳು ಅಂತ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ, ಶಾಲೆಯಲ್ಲಿ ಟೀಚರು ಇನ್ಯಾರದೋ ತಪ್ಪಿಗೆ ಇವಳನ್ನು ನಿಲ್ಲಿಸಿದರೂ ಮಾತಾಡುತ್ತಿದ್ದವಳು ಅಕ್ಕ. ಇವಳ ಬಾಯಿ ಅಕ್ಕನ ಮುಖದಲ್ಲಿತ್ತು ಎಂದರೂ ತಪ್ಪಿಲ್ಲ. ಅಕ್ಕನ ಮದುವೆಯಾದಾಗ ಎಲ್ಲರೂ ಅಮ್ಮನನ್ನು ಸಮಾಧಾನ ಮಾಡಿದರು. ಇವಳನ್ನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇವಳೂ ಊಟದ ಎಲೆ ತೆಗೆಯುವವರ ಜೊತೆ ಓಡಾಡಿಕೊಂಡು ನಗುನಗುತ್ತಲೇ ಇದ್ದಳು.

ಆದರೆ ಅಕ್ಕ ದೂರವೇನೂ ಹೋಗಲಿಲ್ಲ. ನಗರದ ಅಂಚಿನಲ್ಲಿ, ಆಗ ಇನ್ನೂ ಹುಲ್ಲು ಬೆಳೆದಿದ್ದ ಜಾಗದಲ್ಲಿ, ಕಾಲುವೆಯ ಆಚೆಗೊಂದು ಈಚೆಗೊಂದು ಅಪಾರ್ಟ್‌ಮೆಂಟ್ ಎದ್ದಿದ್ದವು. ಅಕ್ಕ ಭಾವ ಆಚೆಯದರಲ್ಲಿ ಮನೆ ಮಾಡಿದರು, ಅಮ್ಮ ಚಿಕ್ಕವಳನ್ನು ಕರೆದುಕೊಂಡು ಈಚೆಯದರಲ್ಲಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು. ನಿಜವಾಗಿಯೂ ಹಾಗೇ ಇತ್ತು. ಅಕ್ಕ ತಲೆಗೆ ನೀರು ಹಾಕಿಕೊಂಡವಳು ಕೂದಲಿಗೆ ಟವೆಲ್ ಸುತ್ತಿಕೊಂಡೇ, ಮನೆಯ ಚಪ್ಪಲಿಯಲ್ಲೇ ಸೇತುವೆ ದಾಟಿ ಬಂದುಬಿಡುತ್ತಿದ್ದಳು. ಬಾಗಿಲಲ್ಲೇ ಶುರು ಮಾಡುತ್ತಿದ್ದಳು: "ಏ ಮುಚ್ಚಳ, ತೆಗಿ ಬಾಯಿ, ಏನಾಯ್ತು ಇವತ್ತು?" ಅವಳು ಹಾಗೆ ಕೇಳಿದರೆ ಮಾತ್ರ ಇವಳಿಗೆ ಆ ದಿನ ಏನೇನಾಯಿತೆಂದು ನೆನಪಾಗುತ್ತಿತ್ತು.

ಆಮೇಲೆ ಹುಲ್ಲಿನ ಜಾಗಕ್ಕೆ ತಗಡಿನ ಬೇಲಿ ಬಂತು. ಬೇಲಿಯ ಒಳಗಿಂದ ಕಟ್ಟಡ ಬಂತು. ಕಟ್ಟಡದಿಂದ ಕಾರುಗಳು ಬಂದವು. ಅದರ ಪಕ್ಕಕ್ಕೊಂದು, ಅದರ ಹಿಂದಕ್ಕೊಂದು, ಹೀಗೆ ಮಳೆಗಾಲದ ಅಣಬೆಯಂತೆ ಎದ್ದವೇ ಹೊರತು, ಕಾಲುವೆಗೆ ಇದ್ದ ಆ ಒಂದು ಸೇತುವೆ ಒಂದಾಗಿಯೇ ಉಳಿಯಿತು. ಅದರ ಫುಟ್‌ಪಾತನ್ನು ಒಡೆದು ರಸ್ತೆಗೆ ಸೇರಿಸಿದರು. ನಡುವೆ ಸಿಮೆಂಟಿನ ಗೋಡೆ ಎಬ್ಬಿಸಿ, ಅದರ ಮೇಲೆ ಕಬ್ಬಿಣದ ಜಾಲರಿ ನೆಟ್ಟರು. ನಡೆದು ದಾಟಲು ಹೋದ ಒಬ್ಬ ಹೆಂಗಸಿನ ಕಾಲು ಮುರಿದ ಮೇಲೆ, ಸೇತುವೆಗೆ ಕಾಲಿಟ್ಟರೆ ಮನೆಗೆ ಕಾಲಿಡಬೇಡ ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ಗಾಡಿಯಲ್ಲೇ ಹೋಗಬೇಕು. ಗಾಡಿಯಲ್ಲಿ ಹೋಗುವುದೆಂದರೆ, ಅಕ್ಕನ ಕಿಟಕಿ ಕಣ್ಣೆದುರಿಗೇ ಇದ್ದೂ, ಬೇರೊಂದು ಊರಿಗೆ ಹೋಗಿ ಬಂದಷ್ಟು ಹೊತ್ತು.

ಹಾಗಾಗಿ ಆ ನಗರದಲ್ಲಿ ನೆಂಟಸ್ತಿಕೆಗೆ ಹೊಸ ಲೆಕ್ಕ ಹುಟ್ಟಿಕೊಂಡಿತ್ತು. ಬೆಳಿಗ್ಗೆ ಎಲ್ಲ ಗಾಡಿಗಳೂ ಪೇಟೆಯ ಕಡೆಗೆ, ಸಂಜೆ ಎಲ್ಲವೂ ಮನೆಯ ಕಡೆಗೆ. ಎದುರು ದಿಕ್ಕು ಅಷ್ಟರಮಟ್ಟಿಗೆ ಖಾಲಿ. ಪೇಟೆಗೆ ದೂರ ಇರುವವರು ಸಂಜೆ ಬನ್ನಿ, ಹತ್ತಿರ ಇರುವವರು ಬೆಳಿಗ್ಗೆಯೇ ಬನ್ನಿ ಎಂದು ಜನ ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು. ಬೆಳಗಿನ ಸಂಬಂಧಿಕರು ಬೇರೆ, ಸಂಜೆಯ ಸಂಬಂಧಿಕರು ಬೇರೆ. ಎರಡಕ್ಕೂ ಸೇರದವರು ನಿಧಾನವಾಗಿ ಸಂಬಂಧಿಕರೇ ಅಲ್ಲದಂತಾಗುತ್ತಿದ್ದರು. ಅಕ್ಕನ ಮನೆ ಪೇಟೆಯ ಬದಿಗೆ. ಅಂದರೆ ಸಂಜೆ ಇವಳು ಅಲ್ಲಿಗೆ ಹೋಗಬಹುದು, ಬೆಳಿಗ್ಗೆ ಅಕ್ಕ ಇಲ್ಲಿಗೆ ಬರಬಹುದು. ಅಕ್ಕನಿಗೆ ಬೆಳಿಗ್ಗೆ ಭಾವನ ಡಬ್ಬಿ, ತನ್ನ ಶಾಲೆಯ ಕೆಲಸ. ಇವಳಿಗೆ ಸಂಜೆ ತಡವಾಗಿ ಬಿಡುವ ಆಫೀಸು. ಇಬ್ಬರಿಗೂ ದಿಕ್ಕು ಕೂಡಿ ಬಂದಾಗ ಹೊತ್ತು ಕೂಡಿ ಬರುತ್ತಿರಲಿಲ್ಲ.

ಉಳಿದದ್ದು ಕಿಟಕಿ. ಸಂಜೆ ಅಕ್ಕನ ಅಡುಗೆಮನೆಯಲ್ಲಿ ದೀಪ ಹತ್ತಿದಾಗ ಇವಳು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವವಳಂತೆ ನಿಲ್ಲುತ್ತಿದ್ದಳು. ಅಷ್ಟು ದೂರದಿಂದ ಅಕ್ಕ ಒಂದು ನೆರಳು ಮಾತ್ರ. ನೆರಳು ಬಗ್ಗಿದರೆ ಗ್ಯಾಸ್ ಹಚ್ಚಿದಳು, ಕೈ ಎತ್ತಿದರೆ ಡಬ್ಬ ತೆಗೆದಳು ಎಂದು ಇವಳೇ ಅಂದುಕೊಳ್ಳುವುದು. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸೇತುವೆಯ ಮೇಲೆ ಕಣ್ಣಿಟ್ಟು, ಕ್ರಿಕೆಟ್ ವರದಿ ಹೇಳುವವರ ಹಾಗೆ ಹೇಳುತ್ತಿದ್ದಳು: "ನೋಡು, ಖಾಲಿ ಕಡೆಗೂ ನೀರಿನ ಟ್ಯಾಂಕರು ನುಗ್ಗಿತು. ಮುಗೀತು ಕತೆ. ಇನ್ನು ನಿನ್ನ ಭಾವ ಮನೆ ಸೇರಿದ ಹಾಗೇ." ಭಾವನ ಆಫೀಸು ಇದ್ದದ್ದು ಪೇಟೆಯಲ್ಲಲ್ಲ, ಇವರ ಮನೆಯನ್ನೂ ದಾಟಿ ಹೋಗುವ ಕೈಗಾರಿಕೆ ಬಡಾವಣೆಯಲ್ಲಿ. ಪಾಪ, ಆ ಮನುಷ್ಯನಿಗೆ ಹೋಗುವಾಗಲೂ ಸೇತುವೆ, ಬರುವಾಗಲೂ ಸೇತುವೆ. ಜನರ ಕಾರುಗಳಿಲ್ಲದ ದಿಕ್ಕೇ ಆದರೂ ರೈಲ್ವೆ ಗೇಟಿನಿಂದ ಸೇತುವೆಯ ತನಕ ಕಾರ್ಖಾನೆಯ ಲಾರಿಗಳು. ಅವುಗಳ ಸಂದಿಯಲ್ಲಿ ಕೂತು ಕೂತು ಕತ್ತು ಹಿಡಿದು, ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡುತ್ತಿದ್ದ. ಅಕ್ಕ ಅವನನ್ನು 'ಅಲ್ಮೇರಾ' ಎಂದು ಗೇಲಿ ಮಾಡುತ್ತಿದ್ದಳು. ಅವನೂ ನಗುತ್ತಿದ್ದ, ಮೈಯೆಲ್ಲ ತಿರುಗಿಸಿ.

ಚಿಕ್ಕವಳ ಕೆಲಸವೆಂದರೆ ಮನೆ ಒಪ್ಪಿಸುವುದು. ಕಟ್ಟಿ ಮುಗಿದ ಫ್ಲಾಟನ್ನು ಮಾಲೀಕರ ಕೈಗೆ ಕೊಡುವ ಮೊದಲು ಮೂಲೆಮೂಲೆ ನೋಡಬೇಕು. ಸಣ್ಣ ಕೋಲಿನಿಂದ ನೆಲದ ಟೈಲುಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗಬೇಕು. ಕೆಳಗೆ ಗಾರೆ ಸರಿಯಾಗಿ ತುಂಬದಿದ್ದರೆ ಟೊಳ್ಳು ಸದ್ದು ಬರುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಬಚ್ಚಲಿಗೆ ಬಕೆಟ್ಟಿನಲ್ಲಿ ನೀರು ಸುರಿದು, ಅದು ಕಂಡಿಯ ಕಡೆಗೇ ಹರಿಯುತ್ತದೋ ಬಾಗಿಲ ಕಡೆಗೆ ಬರುತ್ತದೋ ನೋಡಬೇಕು. ಪ್ರತಿ ಪ್ಲಗ್ಗಿಗೂ ಚಾರ್ಜರು ಚುಚ್ಚಿ ನೋಡಬೇಕು. ಖಾಲಿ ಮನೆಯಲ್ಲಿ ಒಬ್ಬಳೇ ತಟ್ಟುತ್ತಾ ತಿರುಗುವುದು ಅವಳಿಗೆ ಇಷ್ಟ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಷ್ಟವಾಗುತ್ತಿದ್ದದ್ದು ಮಾಲೀಕರು ಬಂದ ಮೇಲೆ. ಅವರು ಬಾಲ್ಕನಿಗೆ ಹೋಗಿ, ಕೆಳಗೆ ನೋಡಿ, ತಿರುಗಿ ಕೇಳುತ್ತಿದ್ದರು: "ಮೇಡಂ, ಈ ಟ್ರಾಫಿಕ್ಕು ಯಾವಾಗ್ಲೂ ಹೀಗೇನಾ?" ಅದಕ್ಕೆ ಮ್ಯಾನೇಜರು ಬಾಯಿಪಾಠ ಮಾಡಿಸಿದ ಉತ್ತರವೊಂದಿತ್ತು. "ಎರಡನೇ ಸೇತುವೆಗೆ ಮಂಜೂರಾತಿ ಸಿಕ್ಕಿದೆ." ಅವಳು ಅದನ್ನು ಟೈಲು ನೋಡಿಕೊಂಡೇ ಹೇಳುತ್ತಿದ್ದಳು. ಹೇಳುವಾಗ ತನ್ನ ದನಿಗೇ ಕೋಲಿನಿಂದ ತಟ್ಟಿದ ಹಾಗಾಗುತ್ತಿತ್ತು. ಟೊಳ್ಳು.

ಬುಧವಾರ ಅಕ್ಕ ಫೋನ್ ಮಾಡಿದಳು.

"ಮುಚ್ಚಳ, ಒಂದು ವಿಷಯ. ಇವರ ಆಫೀಸ್ ಪಕ್ಕದಲ್ಲೇ ಒಂದು ಮನೆ ಸಿಕ್ಕಿದೆ ಕಣೇ. ನಡ್ಕೊಂಡು ಹೋಗ್ಬಹುದಂತೆ. ನನಗೂ ಅಲ್ಲೇ ಒಂದು ಶಾಲೇಲಿ ಕೆಲಸ ಕೊಡ್ತೀವಿ ಅಂದಿದಾರೆ."

ಕೈಗಾರಿಕೆ ಬಡಾವಣೆ ಎಂದರೆ ಇನ್ನೂ ಎರಡು ಸಿಗ್ನಲ್ಲು, ಒಂದು ರೈಲ್ವೆ ಗೇಟು, ಲಾರಿಗಳ ರಸ್ತೆ. ಅಲ್ಲಿಗೆ ಬೆಳಗಿನ ಸಂಬಂಧಿಕರೂ ಹೋಗುವುದಿಲ್ಲ, ಸಂಜೆಯವರೂ ಹೋಗುವುದಿಲ್ಲ. ಅಲ್ಲಿದ್ದ ಚಿಕ್ಕಪ್ಪನೊಬ್ಬನನ್ನು ಇವರೆಲ್ಲ ಕೊನೆಗೆ ನೋಡಿದ್ದು ಅಕ್ಕನ ಮದುವೆಯಲ್ಲಿ. ಇದೆಲ್ಲ ಒಂದೇ ಉಸಿರಿಗೆ ಅವಳ ತಲೆಯಲ್ಲಿ ಹಾದುಹೋಯಿತು.

"ಒಳ್ಳೇದಾಯ್ತು" ಎಂದಳು.

ಆಚೆ ಕಡೆ ಕುಕ್ಕರು ಕೂಗಿತು. ಅಕ್ಕ ಅದನ್ನು ಆರಿಸಿ ಬಂದಳು. "ಅಷ್ಟೇನಾ?"

"ಮತ್ತೇನು? ಭಾವನ ಕತ್ತು ಸರಿಹೋಗತ್ತಲ್ಲ."

"ಹೋಗತ್ತೆ." ಅಕ್ಕ ಅಂದಳು, "ಇನ್ನೂ ಹೂಂ ಅಂದಿಲ್ಲ. ಶನಿವಾರ ಹೇಳ್ಬೇಕು. ಇವರು ನನಗೇ ಬಿಟ್ಟಿದಾರೆ. ನಿನ್ನಿಷ್ಟ, ನೀನು ಬೇಡ ಅಂದ್ರೆ ಬೇಡ, ಹೆಂಗೋ ಓಡಾಡ್ತೀನಿ ಅಂತಾರೆ. ಅಲ್ಮೇರಾ ಆದ್ರೂ ಒಳ್ಳೇ ಅಲ್ಮೇರಾ."

"ಒಳ್ಳೇ ಮನೆ ಬಿಡಬೇಡ ಅಕ್ಕ."

"ಸರಿ ಬಿಡು" ಎಂದು ಅಕ್ಕ ಫೋನಿಟ್ಟಳು. ಆ 'ಬಿಡು'ವಿನಲ್ಲಿ ಏನಿತ್ತೆಂದು ಚಿಕ್ಕವಳು ಡೈರಿಯಲ್ಲಿ ಒಂದು ಪುಟ ಬರೆದಳು. ಕೋಪವೇ? ಬೇಸರವೇ? ತಂಗಿ ಬೇಡ ಅನ್ನಲಿ ಎಂದು ಕಾಯುತ್ತಿದ್ದಳೇ? ಹಾಗೆ ಕಾಯುವಷ್ಟು ತಾನು ಅವಳಿಗೆ ಬೇಕಾದವಳೇ? ಬರೆಯುತ್ತಾ ಬರೆಯುತ್ತಾ ಅವಳಿಗೇ ರೇಗಿತು. ಅಕ್ಕನನ್ನು ಕೇಳಬೇಕಾದ್ದನ್ನು ಕಾಗದಕ್ಕೆ ಕೇಳಿದರೆ ಕಾಗದ ಏನು ಹೇಳುತ್ತದೆ, ಮಣ್ಣು? ಶನಿವಾರ ಆಫೀಸು ಬೇಗ ಬಿಡಿಸಿಕೊಂಡು, ಅಕ್ಕನ ಮನೆಗೇ ಹೋಗಿ, ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೇಳಿಬಿಡಬೇಕು. ಹೇಗೂ ಸಂಜೆ. ತನ್ನ ದಿಕ್ಕು ಖಾಲಿಯಿರುತ್ತದೆ.

ಅವಳು ಮರೆತದ್ದು ತನ್ನ ಕೆಲಸವನ್ನೇ. ಆ ಶನಿವಾರ ಕಂಪನಿ ಒಂದಿಡೀ ಬ್ಲಾಕನ್ನು ಒಟ್ಟಿಗೇ ಒಪ್ಪಿಸುವ ದಿನ. ಬೆಳಗಿನಿಂದ ಅವಳೇ ಮೇಜಿನ ಹಿಂದೆ ಕೂತು ಕೀಲಿಕೈ ಕೊಟ್ಟಳು. ಗಂಡ ಹೆಂಡತಿ ಕೀಲಿಕೈಯನ್ನು ಇಬ್ಬರೂ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ಚಿಕ್ಕವಳ ಗಲ್ಲ ಸವರಿ, "ನಿನ್ನ ಕೈಯಿಂದ ಮನೆ ಬಂತಲ್ಲಮ್ಮ" ಎಂದಳು. ಚಿಕ್ಕವಳಿಗೆ ಖುಷಿಯೇ ಆಯಿತು. ಆ ಖುಷಿಯೆಲ್ಲ ಮಧ್ಯಾಹ್ನದ ಹೊತ್ತಿಗೆ ಮಂಚ, ಬೀರು, ಫ್ರಿಜ್ಜು, ಹೂಕುಂಡಗಳನ್ನು ಹೇರಿಕೊಂಡು ಲಾರಿ ಲಾರಿಯಾಗಿ ಸೇತುವೆಯ ಕಡೆಗೆ ಹೊರಟಿದೆಯೆಂದು ಅವಳಿಗೆ ಹೊಳೆದದ್ದು, ಸಂಜೆ ಶೇರ್ ವ್ಯಾನು ಹತ್ತಿ ಕಿಟಕಿ ಪಕ್ಕ ಕೂತು, ವ್ಯಾನು ಸೇತುವೆಯ ನಡುಮಧ್ಯೆ ಬಂದು ನಿಂತ ಮೇಲೆ.

ಬರುವ ದಿಕ್ಕಿನಲ್ಲಿ ಲಾರಿಗಳು. ಹೋಗುವ ದಿಕ್ಕಿನಲ್ಲಿ ಖಾಲಿಯಾಗಿ ವಾಪಸು ಹೊರಟ ಲಾರಿಗಳು, ಮನೆ ನೋಡಿಕೊಂಡು ಮರಳುತ್ತಿದ್ದ ಬಂಧುಬಳಗ. ಎರಡೂ ಕಡೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು.

"ಇದ್ಯಾವನೋ ಇವತ್ತೇ ಎಲ್ರಿಗೂ ಮನೆ ಹಂಚಿದಾನಂತೆ" ಎಂದ ಮುಂದಿನ ಸೀಟಿನವನು.

"ಹಂಚಿದೋನ ಮನೆ ಹಾಳಾಗ" ಎಂದಳು ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಹೆಂಗಸು. ಚಿಕ್ಕವಳು ಕುತ್ತಿಗೆಯಲ್ಲಿದ್ದ ಕಂಪನಿಯ ಗುರುತಿನ ಪಟ್ಟಿಯನ್ನು ಮೆಲ್ಲಗೆ ಕಳಚಿ ಚೀಲಕ್ಕೆ ಹಾಕಿದಳು.

ಫೋನು. ಅಮ್ಮ. "ಎಲ್ಲಿದೀಯೇ?"

"ಸೇತುವೆ ಮೇಲೆ."

"ಅಯ್ಯೋ ನಿಮ್ಮಿಬ್ಬರ ಬುದ್ಧಿಗಿಷ್ಟು! ನಿಮ್ಮಕ್ಕನೂ ಇಲ್ಲಿಗೇ ಹೊರಟಿದಾಳೆ, ಭಾವನ್ನ ಕಟ್ಟಿಕೊಂಡು. ಸಂಜೆ ಹೊತ್ತು ಯಾರಾದ್ರೂ ಈ ಕಡೆ ಬರ್ತಾರಾ? ಕೇಳಿದ್ರೆ, ಅವಳ ಮುಖ ನೋಡಿ ಆಮೇಲೆ ಹೂಂ ಅಂತೀನಿ ಅಂದ್ಲು. ನಿನ್ನ ಮುಖದಲ್ಲಿ ನೋಡೋಕೆ ಏನಿದೆಯೋ ನಾ ಕಾಣೆ."

ಅಕ್ಕ ಬರುತ್ತಿದ್ದಾಳೆ. ಬರಬಾರದ ಹೊತ್ತಿನಲ್ಲಿ, ಬರಬಾರದ ದಿಕ್ಕಿನಲ್ಲಿ. ಅಮ್ಮನ ಫೋನು ಕೆಳಗಿಡುವಷ್ಟರಲ್ಲಿ ಅಕ್ಕನದು ಬಂತು. ಮಾತು ಬರೀ ಹಾರ್ನು. "ಹಲೋ... ಎಲ್ಲಿ... ಸೇತು..." ಅಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ಸೇತುವೆಯ ಮೇಲಿದ್ದವರೆಲ್ಲ ಒಟ್ಟಿಗೇ ಮನೆಗೆ ಫೋನ್ ಮಾಡುತ್ತಿದ್ದರು. ಗಾಳಿಯಲ್ಲೂ ಟ್ರಾಫಿಕ್ಕು ನಿಂತುಹೋಗಿತ್ತು.

ಅವಳು ಕಿಟಕಿಯಿಂದ ನೋಡಿದಳು. ನಡುಗೋಡೆಯ ಜಾಲರಿಯ ಆಚೆ, ಹಾಸಿಗೆ ಹೇರಿದ ಲಾರಿಯ ಹಿಂದೆ, ಭಾವನ ಬಿಳಿ ಕಾರು. ಲಾರಿ ಒಂದಿಷ್ಟು ಮುಂದೆ ಸರಿಯಿತು, ಕಾರು ಅದರ ಹಿಂದೆ ತೆವಳಿ, ಸರಿಯಾಗಿ ಇವಳ ವ್ಯಾನಿನ ಎದುರಿಗೆ ಬಂದು ನಿಂತಿತು. ಕಾರಿನ ಹಿಂದಿನ ಸೀಟಿನ ಗಾಜು ಇಳಿಯಿತು.

ಇಷ್ಟು ದಿನ ನೆರಳಾಗಿದ್ದ ಅಕ್ಕನ ಮುಖ. ಕಣ್ಣ ಕೆಳಗೆ ಕಪ್ಪಾಗಿತ್ತು. ಕೂದಲು ಬೇರೆ ಥರ ಕತ್ತರಿಸಿಕೊಂಡಿದ್ದಳು. ಯಾವಾಗ ಕತ್ತರಿಸಿಕೊಂಡಳೋ ಇವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ಹತ್ತಿರವಿದ್ದೂ ಅಕ್ಕನ ಕೂದಲ ಸುದ್ದಿ ಗೊತ್ತಿಲ್ಲ. ಇನ್ನು ದೂರ ಹೋದ ಮೇಲೆ ಏನೇನು ಗೊತ್ತಾಗದೆ ಉಳಿಯುವುದೋ.

ಅಕ್ಕ ಏನೋ ಕೂಗಿದಳು. ಹಾರ್ನಿನಲ್ಲಿ ಕೇಳಿಸಲಿಲ್ಲ. ನಡುಗೋಡೆಯ ಪಕ್ಕದಲ್ಲಿ ಹೆಲ್ಮೆಟ್ಟು ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದ ಬೈಕಿನ ಯಜಮಾನರೊಬ್ಬರು ಈ ಕಡೆ ತಿರುಗಿದರು. "ನಿಮಗೇ ಅನ್ಸುತ್ತೆ. ತಿಂದ್ಯಾ ಅಂತ ಕೇಳ್ತಿದಾರೆ."

"ಹೂಂ ಅನ್ನಿ" ಎಂದಳು ಚಿಕ್ಕವಳು, ಪಿಸುಮಾತಿನಲ್ಲಿ.

"ತಿಂದ್ಲಂತೆ!" ಯಜಮಾನರು ಆ ಕಡೆಗೆ ಕೂಗಿದರು. ಅಕ್ಕ ಮತ್ತೇನೋ ಹೇಳಿದಳು. "ಸುಳ್ಳು ಅಂತಿದಾರೆ. ಮುಖ ನೋಡಿದ್ರೆ ಗೊತ್ತಾಗುತ್ತಂತೆ."

ವ್ಯಾನಿನಲ್ಲಿ ನಗು ಎದ್ದಿತು. ಚಿಕ್ಕವಳು ಕುಗ್ಗಿ ಸೀಟಿಗೆ ಅಂಟಿಕೊಂಡಳು. ವ್ಯಾನು, ಬೈಕು, ಲಾರಿಯ ಮೇಲೆ ಹಾಸಿಗೆಗೆ ಒರಗಿ ಕೂತ ಕೂಲಿಗಳು, ಎಲ್ಲರ ಕಣ್ಣೂ ಅವಳ ಮೇಲೆ. ಮಾಡಲು ಬೇರೆ ಕೆಲಸವಿಲ್ಲದೆ ಬೇಸತ್ತಿದ್ದವರಿಗೆ ಒಂದು ನಾಟಕ ಸಿಕ್ಕಿತ್ತು.

ಆಗ ಭಾವ ಮೈಯೆಲ್ಲ ತಿರುಗಿಸಿ ಅಕ್ಕನ ಕೈಗೆ ತನ್ನ ಫೋನು ಕೊಡುವುದು ಕಾಣಿಸಿತು. ಅವನಿಗೆ ಹೇಗೋ ಲೈನು ಸಿಕ್ಕಿತ್ತು. ಅಕ್ಕ ಅದರ ಮೇಲೆ ಅಂಗೈ ಮುಚ್ಚಿ, ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಕೂಗಿದಳು. ಈ ಸಲ ಯಜಮಾನರ ಸಹಾಯವಿಲ್ಲದೆಯೂ ತುಂಡುತುಂಡಾಗಿ ಕೇಳಿಸಿತು. "ಮನೆ ಓನರು... ಲೈನಲ್ಲಿದಾರೆ... ಏನ್ ಹೇಳ್ಲಿ?"

"ಮನೆ ಓನರು ಕಾಯ್ತಿದಾರಂತೆ" ಯಜಮಾನರು ತಮ್ಮ ಕರ್ತವ್ಯ ಬಿಡಲಿಲ್ಲ. "ಹೂಂ ಅನ್ಲಾ ಬೇಡ್ವಾ ಅಂತ ಕೇಳ್ತಾರೆ. ಏನ್ ಹೇಳ್ಬೇಕು?"

"ನಿಮ್ಮಿಷ್ಟ ಅನ್ನಿ" ಎಂದು ಬಾಯಿಗೆ ಬಂತು. ಅದು ಅವಳ ಬಾಯಿಗೆ ಯಾವಾಗಲೂ ಬರುವ ಮಾತು. ಅದನ್ನು ಈ ಯಜಮಾನರ ಕೈಗೆ ಕೊಟ್ಟುಬಿಟ್ಟರೆ ಅವರು ಆಚೆ ದಾಟಿಸುತ್ತಾರೆ, ಎಲ್ಲವೂ ಸಲೀಸಾಗಿ ಮುಗಿದುಹೋಗುತ್ತದೆ. ಆದರೆ ಒಳಗೇ ಉಳಿದ ಮಾತನ್ನು ಬೇರೆಯವರ ಬಾಯಲ್ಲಿ ಕಳಿಸುವುದಕ್ಕಾಗುತ್ತದೆಯೇ? ಇಷ್ಟು ವರ್ಷ ತನ್ನ ಮಾತನ್ನೆಲ್ಲ ಆಡಿದವಳು ಅಕ್ಕ. ಇದೊಂದನ್ನು ಅವಳು ಆಡಲಾರಳು. ಇದನ್ನು ಅವಳು ಕೇಳಬೇಕು, ಕೇಳಲೆಂದೇ ಈ ಹೊತ್ತಿನಲ್ಲಿ, ಈ ದಿಕ್ಕಿನಲ್ಲಿ ಬಂದಿದ್ದಾಳೆ.

ಆಚೆಯ ಸಾಲಿನ ತಲೆಯ ಕಡೆ ಎಲ್ಲೋ ಗಂಟು ಬಿಚ್ಚಿತು. ಹಾಸಿಗೆಯ ಲಾರಿ ಹೊಗೆ ಬಿಟ್ಟಿತು. ಅದರ ಹಿಂದಿನವರು ಒಬ್ಬರಾದ ಮೇಲೊಬ್ಬರು ಹಾರ್ನು ಒತ್ತತೊಡಗಿದರು. ಅಕ್ಕ ಇನ್ನೂ ಹೊರಗೆ ಬಗ್ಗಿಕೊಂಡೇ ಇದ್ದಳು, ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು.

ವ್ಯಾನಿನ ಡ್ರೈವರು ಕನ್ನಡಿಯಲ್ಲಿ ಚಿಕ್ಕವಳನ್ನೇ ನೋಡುತ್ತಿದ್ದ. "ಹೇಳಮ್ಮ ತಾಯಿ, ಏನಿದ್ಯೋ ಹೇಳಿಬಿಡು. ನಾವೇನೂ ಕೇಳಿಸ್ಕೊಳ್ಳಲ್ಲ" ಎಂದು ಎಂಜಿನ್ ಆರಿಸಿದ. ವ್ಯಾನು ಒಮ್ಮೆ ನಡುಗಿ ತಣ್ಣಗಾಯಿತು. ತರಕಾರಿಯ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲಿಂದ ಕೆಳಗಿಳಿಸಿ, ಇವಳಿಗೆ ಎದ್ದು ನಿಲ್ಲಲು ಜಾಗ ಮಾಡಿಕೊಟ್ಟಳು.

ಚಿಕ್ಕವಳು ಎದ್ದಳು. ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ತಲೆಯನ್ನೂ ಭುಜವನ್ನೂ ಹೊರಗೆ ಹಾಕಿದಳು. ಬಿಸಿ ಹೊಗೆ ಮುಖಕ್ಕೆ ಬಡಿಯಿತು. ಬಿಳಿ ಕಾರು ಆಗಲೇ ಮೆಲ್ಲಗೆ ಉರುಳತೊಡಗಿತ್ತು.

"ಅಕ್ಕಾ! ನೀ ಹೋಗೋದು ನಂಗಿಷ್ಟ ಇಲ್ಲ!"